ದಿಡ್ಡಿ ಬಾಗಿಲು ಹಾಕಲು ಈಗಲೂ ತಡವಾಗಿಲ್ಲ

ಎಲ್ಲರಿಗೂ ನಮಸ್ಕಾರ. ಕಳ್ಳತನ ಆದ ಮೇಲೆ ಮನೆಯನ್ನು ಹೇಗೆ ಗಟ್ಟಿಮಾಡಬೇಕು ಅಂತ ಒಂದು ಸಭೆಯಲ್ಲಿ ಮಾತಾಡಿದ್ದೆ. ಅವತ್ತು ಬರಲು ಆಗದವರಿಗಾಗಿ ಆಡಿದ ಮಾತನ್ನು ಬರೆದುಕೊಡಿ ಅಂತ ಕೇಳಿದರು, ಬರೆದಿದ್ದೇನೆ. ಮಾತಾಡುವಾಗ ದಾರಿ ತಪ್ಪಿದ ಕಡೆ ಬರಹವೂ ಸ್ವಲ್ಪ ತಪ್ಪಿದೆ, ಅದನ್ನು ಹಾಗೇ ಬಿಟ್ಟಿದ್ದೇನೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಒಂದು ಗಾದೆ ಇದೆಯಲ್ಲ, ಕಳ್ಳತನ ಆದ ಮನೆಯವರು ಬೀಗ ಬದಲಾಯಿಸಲು ಹೊರಟರೆ ಸಾಕು, ಯಾರಾದರೂ ಒಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ನನಗೂ ಹೇಳಿದರು. ನನಗೂ ಹೌದು ಅನ್ನಿಸಿತು. ಹೋದದ್ದು ಹೋಯಿತು, ಇನ್ನೇನು ಉಳಿದಿದೆ ಅಂತ ಬರುತ್ತಾರೆ? 19 ದಿನ ಬಿಟ್ಟು ಕಳ್ಳರು ನಮ್ಮ ಮನೆಗೆ ಮತ್ತೆ ಬಂದರು.

ನಗಬೇಡಿ, ಬಾಗಿಲು ಕೂರಿಸುವುದು, ಬೀಗ ಹಾಕಿಕೊಡುವುದು ನನ್ನ ಹೊಟ್ಟೆಪಾಡು. ಮೊದಲ ಸಲ ಅವರು ಹಿಂಬಾಗಿಲು ಮೀಟಿ ಒಳಗೆ ಬಂದಿದ್ದರು. ಮಾರನೇ ದಿನ ನಾನು ಏನು ಮಾಡಿದೆ ಗೊತ್ತಾ? ಮುಂಬಾಗಿಲಿಗೆ ಸಿಕ್ಕಿದ್ದರಲ್ಲೇ ದೊಡ್ಡ ಬೀಗ ತಂದು ಕೂರಿಸಿದೆ. ಗೇಟಿನ ಹತ್ತಿರ ಕ್ಯಾಮೆರಾ ಹಾಕಿದೆ. ಹಿಂಬಾಗಿಲಿನ ಸೀಳಿದ ಚೌಕಟ್ಟಿಗೆ ಅಂಟು ಮೆತ್ತಿ, ಕಿತ್ತು ಬಂದಿದ್ದ ತಗಡಿನ ಪಟ್ಟಿಯನ್ನು ಅದೇ ತೂತಿಗೆ ಇಟ್ಟು ಅದೇ ಸ್ಕ್ರೂ ಬಿಗಿದೆ. ಎರಡನೇ ಸಲ ಅವರು ಮುಂಬಾಗಿಲ ಕಡೆ ತಲೆ ಕೂಡ ಹಾಕಲಿಲ್ಲ. ಕ್ಯಾಮೆರಾದಲ್ಲಿ ರಾತ್ರಿಯಿಡೀ ಒಂದು ಬೆಕ್ಕು ಮಾತ್ರ ಓಡಾಡಿತ್ತು.

ಆ ಸ್ಕ್ರೂ ಇದೇ ನೋಡಿ, ಕೈಯಿಂದ ಕೈಗೆ ಕಳಿಸಿ, ಕೊನೆಗೆ ನನಗೆ ವಾಪಸ್ ಬರಲಿ. ಉದ್ದ 20 ಮಿಲಿಮೀಟರ್. ನನ್ನ ಹಿಂಬಾಗಿಲನ್ನು ಹಿಡಿದುಕೊಂಡಿದ್ದದ್ದು ಇಂಥವು ಎರಡು.

ಇವತ್ತು ನಾನು ಹೇಳುವುದೆಲ್ಲ ಇದರ ಸುತ್ತಲೇ. ನಿಮ್ಮ ಮನೆಯಲ್ಲಿ ಯಾವ ಜಾಗ ಸಡಿಲ ಅಂತ ಕಳ್ಳ ತೋರಿಸಿ ಹೋಗಿದ್ದಾನೆ. ಅದಕ್ಕೆ ಅವನು ತಗೊಂಡ ಫೀಸು ಸಣ್ಣದಲ್ಲ. ಹಾಗಾಗಿ ಮೊದಲು ಆ ಜಾಗ ಸರಿಮಾಡಿ, ಬೇರೆ ಏನೇ ಇದ್ದರೂ ಆಮೇಲೆ.

ಮತ್ತೆ ಯಾಕೆ ಬರುತ್ತಾರೆ ಅಂದರೆ, ಬರದೇ ಇರಲು ಕಾರಣ ಏನಿದೆ ಹೇಳಿ? ದಾರಿ ಗೊತ್ತು. ಯಾವ ರೂಮಿನಲ್ಲಿ ಬೀರು ಇದೆ ಗೊತ್ತು. ಮೊದಲ ಸಲ ಎರಡು ಕೈಯಲ್ಲಿ ಎತ್ತಿಕೊಂಡು ಹೋಗಲು ಆಗದೆ ಬಿಟ್ಟ ಟಿವಿ ಎಲ್ಲಿದೆ ಗೊತ್ತು. ಇನ್ಶೂರೆನ್ಸ್ ಇದ್ದವರು ಹೊಸ ಲ್ಯಾಪ್‌ಟಾಪ್ ತಂದಿಟ್ಟಿರುತ್ತಾರೆ ಅನ್ನುವುದೂ ಗೊತ್ತು. ಒಮ್ಮೆ ಕಳ್ಳತನ ಆದ ಮನೆಗೆ ಮತ್ತೆ ಆಗುವ ಸಂಭವ ಬೇರೆ ಮನೆಗಳಿಗಿಂತ ಜಾಸ್ತಿ, ಅದೂ ಮೊದಲ ಕೆಲವು ವಾರಗಳಲ್ಲಿ ಎಲ್ಲಕ್ಕಿಂತ ಜಾಸ್ತಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಇದು ಹಲವು ದೇಶಗಳಲ್ಲಿ ಕಂಡುಬಂದಿರುವ ವಿಷಯ. ಅಕ್ಕಪಕ್ಕದ ಮನೆಗಳಿಗೂ ಅಪಾಯ ಸ್ವಲ್ಪ ಏರುತ್ತದೆ, ಆದ್ದರಿಂದ ನಾಚಿಕೆ ಬಿಟ್ಟು ಪಕ್ಕದ ಮನೆಯವರಿಗೆ ಹೇಳಿ.

ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ಕರ್ಕ್‌ಹೋಲ್ಟ್ ಅನ್ನುವ ಬಡಾವಣೆ ಇದೆ, ಎರಡು ಸಾವಿರಕ್ಕೂ ಹೆಚ್ಚು ಮನೆಗಳು. 1980ರ ದಶಕದಲ್ಲಿ ಅಲ್ಲಿ ಮನೆಗಳ್ಳತನ ವಿಪರೀತ. ಎಲ್ಲ ಮನೆಗೂ ಬೀಗ ಹಂಚುವ ಬದಲು, ಅದನ್ನು ತಡೆಯಲು ಹೊರಟವರು ಆಗಲೇ ಕಳ್ಳತನ ಆದ ಮನೆಗಳನ್ನು ಹಿಡಿದರು. ಕಳ್ಳ ಎಲ್ಲಿಂದ ಬಂದ ಅಂತ ಕೇಳಿ, ಅದೇ ಜಾಗವನ್ನು ಗಟ್ಟಿಮಾಡಿದರು. ಆ ಮನೆಯ ಸುತ್ತಲಿನ ಐದಾರು ಮನೆಯವರಿಗೆ ಇದರ ಮೇಲೊಂದು ಕಣ್ಣಿಡಿ ಅಂದರು. ನಾಣ್ಯ ಹಾಕಿದರೆ ಮನೆಗೆ ಗ್ಯಾಸು, ಕರೆಂಟು ಬಿಡುವ ಮೀಟರ್‌ಗಳಿದ್ದವು, ಕಳ್ಳರು ಅದನ್ನೇ ಒಡೆಯಲು ಬರುತ್ತಿದ್ದರು, ಅವನ್ನು ತೆಗೆಸಿದರು. ಮೂರು ವರ್ಷದಲ್ಲಿ ಕಳ್ಳತನ ಸುಮಾರು ಮುಕ್ಕಾಲು ಪಾಲು ಇಳಿಯಿತು. ಕೊಳ್ಳೆ ಹೋದ ಕೋಟೆಗಳಿಗೇ ಹುಡುಕಿ ಹುಡುಕಿ ದಿಡ್ಡಿ ಬಾಗಿಲು ಹಾಕಿದರು ಅಲ್ವಾ.

ಈಗ ಮೊದಲ ಗಂಟೆಗಳ ವಿಷಯ. ಮನೆಗೆ ಬಂದಾಗ ಬಾಗಿಲು ತೆರೆದಿದ್ದರೆ, ಬೀಗ ಮುರಿದಿದ್ದರೆ, ಒಳಗೆ ಹೋಗಬೇಡಿ. ಒಳಗೆ ಯಾರೂ ಇಲ್ಲ ಅಂತ ನಿಮಗೆ ಹೇಗೆ ಗೊತ್ತು? ದೂರ ಹೋಗಿ ಪೊಲೀಸರಿಗೆ ಫೋನ್ ಮಾಡಿ. ಅವರು ಬಂದು ನೋಡುವವರೆಗೆ ಏನನ್ನೂ ಮುಟ್ಟಬೇಡಿ. ಹೇಳುವುದು ಸುಲಭ ಅಂತ ನನಗೂ ಗೊತ್ತು. ನಮ್ಮ ಮನೆಯಲ್ಲಿ ಬಟ್ಟೆಯೆಲ್ಲ ನೆಲದ ಮೇಲೆ ಬಿದ್ದಿತ್ತು, ನನ್ನ ಹೆಂಡತಿ ಕಣ್ಣೀರು ಹಾಕುತ್ತಲೇ ಒಂದೊಂದಾಗಿ ಎತ್ತಿ ಮಡಚಿಡಲು ಶುರುಮಾಡಿದಳು. "ಬಿಡೇ, ಮುಟ್ಟಬೇಡ" ಅಂದರೆ "ಯಾರ್ಯಾರೋ ಮುಟ್ಟಿದ್ದಾರೆ ರೀ, ನಾನು ಮುಟ್ಟಬಾರದಾ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೂ ಮುಟ್ಟಬೇಡಿ ಅನ್ನಲು ಕಾರಣ ಇದೆ. 1902ರಲ್ಲಿ ಲಂಡನ್ನಿನ ಡೆನ್ಮಾರ್ಕ್ ಹಿಲ್‌ನಲ್ಲಿ ಒಂದು ಮನೆಗೆ ಕಳ್ಳ ನುಗ್ಗಿದ. ಕದ್ದದ್ದು ಬಿಲಿಯರ್ಡ್ಸ್ ಚೆಂಡು. ಆ ಮನೆಯ ಕಿಟಕಿಗೆ ಆಗಷ್ಟೇ ಬಣ್ಣ ಬಳಿದಿದ್ದರು, ಹಸಿ ಬಣ್ಣದಲ್ಲಿ ಅವನ ಹೆಬ್ಬೆರಳಿನ ಗುರುತು ಉಳಿಯಿತು. ಹ್ಯಾರಿ ಜಾಕ್ಸನ್ ಅಂತ ಅವನ ಹೆಸರು, ಏಳು ವರ್ಷ ಜೈಲಾಯಿತು. ಬೆರಳಚ್ಚು ನೋಡಿ ಶಿಕ್ಷೆ ಕೊಟ್ಟದ್ದು ಬ್ರಿಟನ್ನಿನಲ್ಲಿ ಅದೇ ಮೊದಲು. ಯಾರಾದರೂ ಕಿಟಕಿ ಗಲೀಜಾಗಿದೆ ಅಂತ ಒರೆಸಿಬಿಟ್ಟಿದ್ದರೆ ಚೆಂಡೂ ಇಲ್ಲ, ಕಳ್ಳನೂ ಇಲ್ಲ.

ಒಳಗೆ ಯಾರೂ ಇಲ್ಲ ಅಂತ ಪೊಲೀಸರು ನೋಡಿದ ಮೇಲೆ ಬಾಗಿಲಲ್ಲೇ ನಿಂತು ಫೋಟೋ ತೆಗೆಯಿರಿ. ಮುರಿದ ಬೀಗ, ಚೌಕಟ್ಟಿನ ಸೀಳು, ಬಾಗಿಲ ಮೇಲಿನ ಹಾರೆಯ ಗುರುತು, ಹತ್ತಿರದಿಂದ ಒಂದು, ದೂರದಿಂದ ಒಂದು. ಮುರಿದದ್ದನ್ನು ಎಸೆಯಬೇಡಿ, ಇನ್ಶೂರೆನ್ಸಿನವರು ಕೇಳಬಹುದು, ರಿಪೇರಿಯ ಬಿಲ್ಲುಗಳನ್ನೂ ಹಾಗೇ ಇಟ್ಟುಕೊಳ್ಳಿ. ಹೋದದ್ದರ ಪಟ್ಟಿ ಒಂದೇ ಕೂತಲ್ಲಿ ಮುಗಿಯುವುದಿಲ್ಲ. ನಮಗೆ ಎರಡು ವಾರ ಆದ ಮೇಲೆ, ಎಲ್ಲೋ ಹೊರಡುವಾಗ, ಒಂದು ವಾಚ್ ಇಲ್ಲ ಅಂತ ಗೊತ್ತಾಯಿತು. ನೆನಪಾದ ಹಾಗೆ ಸೇರಿಸುತ್ತಾ ಹೋಗಿ. ಮೊಬೈಲ್ ಹೋಗಿದ್ದರೆ ಸಿಮ್ ಬ್ಲಾಕ್ ಮಾಡಿಸಿ, ದೂರಿನಲ್ಲಿ ಐಎಂಇಐ ನಂಬರ್ ಬರೆಸಿ. ಅದು 15 ಅಂಕಿಯ ನಂಬರ್, ಫೋನಿನ ಡಬ್ಬದ ಮೇಲೆ ಇರುತ್ತದೆ. ಈಗ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ *#06# ಒತ್ತಿ ನೋಡಿ, ಬರುತ್ತದೆ. ಬರೆದಿಟ್ಟುಕೊಳ್ಳಿ, ಆ ಫೋನಿನಲ್ಲೇ ಅಲ್ಲ ಮತ್ತೆ! ಬ್ಯಾಂಕ್ ಕಾರ್ಡು, ಪಾಸ್‌ಪೋರ್ಟು ಇಟ್ಟ ಜಾಗ ಅದೇ ಹೊತ್ತಿಗೆ ನೋಡಿ. ಒಡವೆ ಹುಡುಕುವ ಗಾಬರಿಯಲ್ಲಿ ಕಾಗದಪತ್ರ ಹೋದದ್ದು ತಿಂಗಳಾದ ಮೇಲೆ ಗೊತ್ತಾಗುವುದು ನಾನು ಸುಮಾರು ಸಲ ಕಂಡಿದ್ದೇನೆ.

ಕೀ ಹೋಗಿದೆಯಾ ನೋಡಿ. ಇದನ್ನು ಬಹಳ ಜನ ನೋಡುವುದಿಲ್ಲ. ಮೊಳೆಗೆ ನೇತುಹಾಕಿದ್ದ ಹೆಚ್ಚುವರಿ ಕೀ, ಗಾಡಿಯ ಎರಡನೇ ಕೀ, ಡ್ರಾಯರಿನಲ್ಲಿದ್ದ ಅಂಗಡಿಯ ಕೀ. ಒಂದು ಕೀ ಲೆಕ್ಕಕ್ಕೆ ಸಿಗದಿದ್ದರೂ ಆ ಬೀಗ ಅವತ್ತೇ ಬದಲಾಗಬೇಕು. ಬಾಗಿಲಿನ ಒಳಗೆ ಕೂರುವ ಲಾಕ್ ಆದರೆ ಎಷ್ಟೋ ಸಲ ಇಡೀ ಲಾಕ್ ಬೇಡ, ಕೀ ಹಾಕುವ ಸಿಲಿಂಡರ್ ಮಾತ್ರ ಬದಲಾಯಿಸಿದರೆ ಸಾಕು, ಒಂದು ಸ್ಕ್ರೂ ಬಿಚ್ಚುವ ಕೆಲಸ.

ಅವತ್ತು ರಾತ್ರಿ ಮಲಗಬೇಕಲ್ಲ. ಕಿಟಕಿ ಗಾಜು ಒಡೆದಿದ್ದರೆ ರಟ್ಟು ಅಂಟಿಸಿ ಮಲಗಬೇಡಿ. 18 ಮಿಲಿಮೀಟರಿನ ಪ್ಲೈವುಡ್ ಹಲಗೆಯನ್ನು ಹೊರಗಿನಿಂದ ಇಡಿ. ಒಳಗಿನಿಂದ ಕಿಟಕಿಯ ಅಗಲಕ್ಕಿಂತ ಉದ್ದದ ಎರಡು ಮರದ ಪಟ್ಟಿಗಳನ್ನು ಚೌಕಟ್ಟಿಗೆ ಅಡ್ಡವಾಗಿ ಇಡಿ. ಹಲಗೆಯನ್ನೂ ಪಟ್ಟಿಯನ್ನೂ ಸೇರಿಸಿ ಉದ್ದ ಬೋಲ್ಟ್ ತೂರಿಸಿ ಒಳಗಿನಿಂದ ನಟ್ಟು ಬಿಗಿಯಿರಿ. ಬೋಲ್ಟಿನ ತಲೆ ನುಣ್ಣಗೆ ದುಂಡಗಿರುವಂಥದ್ದು ತನ್ನಿ, ಹೊರಗಿನವನಿಗೆ ಸ್ಪ್ಯಾನರ್ ಹಿಡಿಯಲು ಏನೂ ಸಿಗುವುದಿಲ್ಲ. ಚೌಕಟ್ಟಿಗೆ ಒಂದು ತೂತೂ ಬೀಳುವುದಿಲ್ಲ, ನಾಳೆ ಗಾಜು ಬಂದಾಗ ಬಿಚ್ಚಿದರಾಯಿತು. ಗಾಜಿನ ಚೂರು ಗುಡಿಸುವುದು ಪೊಲೀಸರು ನೋಡಿದ ಮೇಲೆ.

ಈಗ ಬಾಗಿಲಿಗೆ ಬರೋಣ, ನನಗೆ ಮಾತಾಡಲು ಖುಷಿ ಇರುವುದು ಇಲ್ಲಿ.

ಬೀಗ ಮುರಿದರು ಅಂತ ನಾವು ಹೇಳುತ್ತೇವೆ. ಮೀಟಿದ ಬಾಗಿಲನ್ನು ಒಮ್ಮೆ ಹತ್ತಿರ ಹೋಗಿ ನೋಡಿ, ಎಷ್ಟೋ ಸಲ ಲಾಕ್‌ಗೆ ಏನೂ ಆಗಿರುವುದಿಲ್ಲ! ಕೀ ತಿರುಗಿಸಿದರೆ ನಾಲಿಗೆ ಚೆನ್ನಾಗಿಯೇ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ. ಮುರಿದಿರುವುದು ಎದುರಿನ ಚೌಕಟ್ಟು. ಲಾಕಿನ ನಾಲಿಗೆ ಹೋಗಿ ಕೂರುವ ತೂತಿನ ಮೇಲೆ ಒಂದು ತಗಡಿನ ಪಟ್ಟಿ ಇರುತ್ತದಲ್ಲ, ಅದನ್ನು ಹಿಡಿದಿರುವುದು ಈಗ ನಿಮ್ಮ ಕೈಯಲ್ಲಿ ಓಡಾಡುತ್ತಿರುವ ಸ್ಕ್ರೂ. ತೂತು ಚೌಕಟ್ಟಿನ ಅಂಚಿಗೆ ಹತ್ತಿರ ಇರುವುದರಿಂದ ಅಲ್ಲಿ ಉಳಿಯುವ ಮರವೇ ಬೆರಳಿನಷ್ಟು ದಪ್ಪ. ಒಂದು ಒದೆ, ಅಥವಾ ಹಾರೆಯ ಒಂದು ಮೀಟು. ಮರ ಎಳೆ ಗುಂಟ ಸೀಳಿ, ಪಟ್ಟಿ ಹಾರಿಹೋಗುತ್ತದೆ. ನೀವು ಕೊಂಡ ದುಬಾರಿ ಲಾಕ್ ಬಾಗಿಲಿನ ಜೊತೆ ಹಾಗೇ ಒಳಗೆ ತಿರುಗಿಕೊಳ್ಳುತ್ತದೆ, ನಾಲಿಗೆ ಚಾಚಿಕೊಂಡೇ.

ಪರಿಹಾರ ಅಗ್ಗ. ಸಣ್ಣ ಪಟ್ಟಿಯ ಬದಲು ಉದ್ದನೆಯ ದಪ್ಪ ಉಕ್ಕಿನ ಪಟ್ಟಿ ಹಾಕಿ, ನಾಲ್ಕರಿಂದ ಆರು ಸ್ಕ್ರೂ, ಒಂದೊಂದೂ 75 ಮಿಲಿಮೀಟರ್, ಅಂದರೆ ಮೂರು ಇಂಚು. ಅವು ಚೌಕಟ್ಟಿನ ಮೇಲ್ಮೈ ದಾಟಿ ಆಳಕ್ಕೆ ಹೋಗಬೇಕು. ಚೌಕಟ್ಟೇ ಗೋಡೆಯಿಂದ ಅಲುಗಾಡುತ್ತಿದ್ದರೆ ಮೊದಲು ಅದನ್ನು ಗೋಡೆಗೆ ಉದ್ದದ ಆಂಕರ್, ಅಂದರೆ ಗೋಡೆಯೊಳಗೆ ಬಿಗಿಯಾಗಿ ಕೂರುವ ಬೋಲ್ಟ್, ಹಾಕಿ ಕಟ್ಟಬೇಕು, ಇಲ್ಲದಿದ್ದರೆ ಏನು ಮಾಡಿದರೂ ದಂಡ. ಸೀಳಿದ ಮರಕ್ಕೆ ನನ್ನ ಹಾಗೆ ಅಂಟು ಮೆತ್ತಬೇಡಿ, ಆ ಭಾಗವನ್ನು ಕೊಯ್ದು ತೆಗೆದು ಹೊಸ ಮರ ಕೂಡಿಸಿ. ಲಾಕಿನ ನಾಲಿಗೆ ಕನಿಷ್ಠ 25 ಮಿಲಿಮೀಟರ್ ಹೊರಗೆ ಬರುವಂಥದ್ದಾಗಿರಲಿ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಜಾಸ್ತಿ ಇದ್ದರೆ ಅರ್ಧ ನಾಲಿಗೆ ಆ ಸಂದಿನಲ್ಲೇ ಮುಗಿದುಹೋಗುತ್ತದೆ, ಹಾರೆ ತೂರಿಸಲೂ ಅದೇ ಸಂದು.

ಬಾಗಿಲಿನ ಇನ್ನೊಂದು ಕಡೆ ಯಾರೂ ನೋಡುವುದಿಲ್ಲ, ಹಿಂಜ್ ಇರುವ ಕಡೆ. ಹೊರಕ್ಕೆ ತೆರೆಯುವ ಬಾಗಿಲಾದರೆ ಹಿಂಜಿನ ಪಿನ್ನು ಹೊರಗೇ ಇರುತ್ತದೆ, ಮೊಳೆ ಇಟ್ಟು ಸುತ್ತಿಗೆಯಲ್ಲಿ ತಟ್ಟಿದರೆ ಮೇಲಕ್ಕೆ ಬರುತ್ತದೆ. ಹಳೆಯ ಕೈಚಳಕ ಒಂದಿದೆ: ಹಿಂಜಿನ ಎರಡೂ ರೆಕ್ಕೆಗಳಲ್ಲಿ ಎದುರುಬದುರಾಗಿರುವ ಒಂದೊಂದು ಸ್ಕ್ರೂ ಬಿಚ್ಚಿ, ಒಂದು ಕಡೆ ದಪ್ಪ ಸ್ಕ್ರೂ ಹಾಕಿ ಅದರ ತಲೆ ಕತ್ತರಿಸಿ ಸುಮಾರು 12 ಮಿಲಿಮೀಟರ್ ಹೊರಗೆ ಬಿಡಿ. ಬಾಗಿಲು ಹಾಕಿದಾಗ ಅದು ಎದುರಿನ ತೂತಿನೊಳಗೆ ಹೋಗಿ ಕೂರುತ್ತದೆ. ಪಿನ್ನು ಕಿತ್ತರೂ ಬಾಗಿಲು ಕಳಚಿ ಬರುವುದಿಲ್ಲ.

ಹೊರಗೆ ಕೊಂಡಿ ಹಾಕಿ ಬೀಗ ಜಡಿಯುವವರಿಗೆ ಎರಡು ಮಾತು. ಬೀಗ ಎಷ್ಟೇ ದಪ್ಪ ಇರಲಿ, ಕೊಂಡಿಯ ಸ್ಕ್ರೂ ಹೊರಗೆ ಕಾಣುತ್ತಿದ್ದರೆ ಕಳ್ಳ ಬೀಗ ಮುಟ್ಟುವುದೇ ಇಲ್ಲ, ಕೊಂಡಿಯನ್ನೇ ಬಿಚ್ಚುತ್ತಾನೆ. ಕೊಂಡಿಗೆ ಬಾಗಿಲನ್ನು ತೂರಿ ಒಳಗೆ ನಟ್ಟು ಬಿಗಿಯುವ ಬೋಲ್ಟ್ ಹಾಕಿ. ಇನ್ನೊಂದು, ಹೊರಗೆ ನೇತಾಡುವ ಬೀಗ ಅಂದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಬೋರ್ಡು ಹಾಕಿದ ಹಾಗೆ. ಬಾಗಿಲಿನ ಒಳಗೇ ಕೂರುವ ಲಾಕ್ ಈ ವಿಷಯದಲ್ಲಿ ಮೇಲು.

ಆ ಒಳಗಿನ ಲಾಕಿಗೂ ಒಂದು ರೋಗ ಇದೆ. ಎರಡೂ ಕಡೆಯಿಂದ ಕೀ ಹಾಕುವ ಉದ್ದನೆಯ ಸಿಲಿಂಡರ್ ಬರುತ್ತದಲ್ಲ, ಅದರ ನಡುವೆ ಸ್ಕ್ರೂ ಹೋಗುವ ತೂತು ಇರುವುದರಿಂದ ಅಲ್ಲೇ ಲೋಹ ತೆಳು. ಹೊರಗಿನ ತುದಿ ಹಿಡಿಕೆಯ ತಗಡಿಗಿಂತ ಮುಂದೆ ಚಾಚಿಕೊಂಡಿದ್ದರೆ ಇಕ್ಕಳದಲ್ಲಿ ಹಿಡಿದು ತಿರುಚಿದರೆ ಸಾಕು, ಕಡ್ಡಿ ಮುರಿದ ಹಾಗೆ ಮುರಿಯುತ್ತದೆ. 3 ಮಿಲಿಮೀಟರ್‌ಗಿಂತ ಜಾಸ್ತಿ ಚಾಚಿರಬಾರದು. ಮನೆಗೆ ಹೋಗಿ ಬೆರಳಿಟ್ಟು ನೋಡಿ. ಬಾಗಿಲಿನ ದಪ್ಪ ಅಳೆಯದೆ ಅಂಗಡಿಯಲ್ಲಿ ಇದ್ದದ್ದನ್ನು ತಂದು ಹಾಕುವುದರಿಂದ ಆಗುವ ಕೆಲಸ ಇದು. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಗಾಜಿನ ಬಗ್ಗೆ ಬೇಗ ಮುಗಿಸುತ್ತೇನೆ. ಟಫನ್ಡ್ ಗಾಜು ಗಟ್ಟಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಗಟ್ಟಿ ಹೌದು, ಆದರೆ ಚೂಪಾದದ್ದು ತಗುಲಿದರೆ ಇಡೀ ಗಾಜು ಸಕ್ಕರೆ ಹರಳಿನ ಹಾಗೆ ಪುಡಿಯಾಗಿ ಕೆಳಗೆ ಬಿದ್ದು ದಾರಿ ಬಿಡುತ್ತದೆ. ಗಾಯ ಆಗದಿರಲಿ ಅಂತ ಮಾಡಿದ ಗಾಜು ಅದು, ಕಳ್ಳನಿಗೂ ಗಾಯ ಆಗುವುದಿಲ್ಲ. ನಿಮಗೆ ಬೇಕಾದದ್ದು ಲ್ಯಾಮಿನೇಟೆಡ್, ಕಾರಿನ ಮುಂದಿನ ಗಾಜಿನಂಥದ್ದು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಒಡೆದರೂ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ. ಕುಟ್ಟುತ್ತಾ ನಿಂತರೆ ಸದ್ದು, ಸದ್ದಾದರೆ ಅವನಿಗೆ ಭಯ. ಜಾರುವ ಬಾಗಿಲಿದ್ದರೆ ಕೆಳಗಿನ ಹಳಿಯಲ್ಲಿ ಅಳತೆಗೆ ಕೊಯ್ದ ಒಂದು ಕೋಲು ಇಡಿ, ಮೇಲಿನ ಹಳಿಯಲ್ಲಿ ಬಾಗಿಲನ್ನು ಎತ್ತಿ ತೆಗೆಯಲು ಆಗದಂತೆ ಒಂದೆರಡು ಸ್ಕ್ರೂ ಇಳಿಬಿಡಿ. ಹೊರಗೆ ಏಣಿ, ಹಾರೆ, ಗುದ್ದಲಿ ಬಿಡಬೇಡಿ. ನಮ್ಮ ಹಿಂಬಾಗಿಲು ಮೀಟಿದ್ದು ನನ್ನದೇ ಹಾರೆಯಲ್ಲಿ.

ಕ್ಯಾಮೆರಾ ಬೇಡವೇ ಅಂತ ಒಬ್ಬರು ಎದ್ದು ಕೇಳಿದರು. ಬೇಕು, ಬಾಗಿಲು ಗಟ್ಟಿಯಾದ ಮೇಲೆ. ಕ್ಯಾಮೆರಾ ಯಾರನ್ನೂ ತಡೆಯುವುದಿಲ್ಲ, ನೋಡುತ್ತದೆ, ಅದೂ ಸರಿಯಾಗಿ ಇಟ್ಟರೆ. ಗೊತ್ತಿಲ್ಲದವನ ಮುಖ ಗುರುತು ಹಿಡಿಯಬೇಕು ಅಂದರೆ ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿಗಳು, ಇರಬೇಕು ಅಂತ ಲೆಕ್ಕ ಇದೆ. 1920 ಪಿಕ್ಸೆಲ್ ಅಗಲದ ಮಾಮೂಲಿ ಕ್ಯಾಮೆರಾಗೆ ಏಳೂವರೆ ಮೀಟರ್ ಅಗಲಕ್ಕೇ ಅದು ಮುಗಿಯಿತು. ಇಡೀ ಅಂಗಳ ಕಾಣಲಿ ಅಂತ ಮಹಡಿಯ ಮೇಲೆ ಹಾಕಿಸಿದರೆ ಟೋಪಿ ಹಾಕಿದ ಒಂದು ತಲೆ ಕಾಣುತ್ತದೆ ಅಷ್ಟೇ. ಜನ ಹಾದುಬರಲೇಬೇಕಾದ ಇಕ್ಕಟ್ಟಿನ ಜಾಗಕ್ಕೆ, ಮುಖದ ಎತ್ತರಕ್ಕೆ ಸ್ವಲ್ಪ ಮೇಲೆ, ಒಂದು ಇರಲಿ. ರೆಕಾರ್ಡರನ್ನು ಟಿವಿ ಪಕ್ಕ ಇಡಬೇಡಿ, ಟಿವಿ ಜೊತೆ ಅದೂ ಹೋಗುತ್ತದೆ. ಪಾಸ್‌ವರ್ಡ್ ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನುವ ವೈರಸ್ಸು ಲೋಕದ ತುಂಬ ಇಂಥ ಕ್ಯಾಮೆರಾ, ರೆಕಾರ್ಡರುಗಳ ಒಳಗೆ ಸೇರಿಕೊಂಡಿತ್ತು, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಜನ ಹಾಗೇ ಬಿಟ್ಟಿದ್ದರಿಂದ.

ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ, "ಎಲ್ಲ ಕಡೆ ಬೀಗ ಹಾಕಿಸ್ತೀಯಪ್ಪ, ಒಳಗೆ ಬೆಂಕಿ ಬಿದ್ದರೆ ನಾನು ಎಲ್ಲಿಂದ ಹೋಗಲಿ?" ಅಂದರು. ನಾನೇ ಹೇಳಬೇಕಿತ್ತು, ಮರೆತಿದ್ದೆ. ಕಳ್ಳತನ ಆದ ಭಯದಲ್ಲಿ ಜನ ಮಾಡುವ ದೊಡ್ಡ ತಪ್ಪು ಇದು, ಎಲ್ಲ ಕಿಟಕಿಗೂ ಕಂಬಿ ಬೆಸುಗೆ ಹಾಕಿಸಿ, ಎಲ್ಲ ಬಾಗಿಲಿಗೂ ಒಳಗಿನಿಂದ ಬೀಗ ಜಡಿದು, ಕೀ ಎಲ್ಲೋ ಬಚ್ಚಿಟ್ಟು ಮಲಗುವುದು. ಹೊಗೆ ತುಂಬಿದ ಕತ್ತಲಲ್ಲಿ ಕೀ ಹುಡುಕಲು ಆಗುವುದಿಲ್ಲ. ಹೊರಗೆ ಹೋಗುವ ಬಾಗಿಲಿಗೆ ಒಳಗಡೆ ಕೀ ಬೇಡದ, ಕೈಯಲ್ಲಿ ತಿರುಗಿಸುವ ಗುಬ್ಬಿ ಇರಲಿ. ಪಕ್ಕದಲ್ಲೇ ಗಾಜಿದ್ದರೆ ಆ ಗಾಜು ಲ್ಯಾಮಿನೇಟೆಡ್ ಇರಲಿ, ಇಲ್ಲದಿದ್ದರೆ ಒಡೆದು ಕೈ ಹಾಕುತ್ತಾರೆ. ಮಲಗುವ ಕೋಣೆಯ ಒಂದು ಕಿಟಕಿಯ ಕಂಬಿಯಾದರೂ ಒಳಗಿನಿಂದ ತೆರೆಯುವಂತಿರಲಿ. ಕಣ್ಣು ಮುಚ್ಚಿ ಒಮ್ಮೆ ತೆರೆದು ನೋಡಿ, ಅಜ್ಜಿಯವರೂ ನೋಡಲಿ.

ಕೊನೆಗೆ ಒಬ್ಬ ಹುಡುಗಿ, "ನಾವು ಬಾಡಿಗೆಗೆ ಇರುವವರು, ಬಾಗಿಲು ನಮ್ಮದಲ್ಲ" ಅಂದಳು. ನೋಡಮ್ಮ, ಮಾಲೀಕರಿಗೆ ಮೊದಲು ಬರವಣಿಗೆಯಲ್ಲಿ ತಿಳಿಸು, ಬಾಯಿಮಾತಲ್ಲಿ ಬೇಡ, ಮುರಿದದ್ದರ ಫೋಟೋ ಜೊತೆಗೆ ಕಳಿಸು. ಅವರು ಒಪ್ಪಿದರೆ ಪಟ್ಟಿಯ ಸಣ್ಣ ಸ್ಕ್ರೂ ಬಿಚ್ಚಿ ಅದೇ ತೂತಿಗೆ ಉದ್ದದ್ದು ಹಾಕು, ಹೊರಗಿನಿಂದ ಏನೂ ಬದಲಾದ ಹಾಗೆ ಕಾಣುವುದಿಲ್ಲ. ನಿನಗಿಂತ ಮುಂಚೆ ಇದ್ದವರ ಹತ್ತಿರ ಎಷ್ಟು ಕೀ ಉಳಿದಿದೆಯೋ ಯಾರಿಗೆ ಗೊತ್ತು, ಹಾಗಾಗಿ ಸಿಲಿಂಡರ್ ಕೂಡ ಬದಲಾಯಿಸು. ಹಳೆಯದನ್ನು ಅದರ ಕೀ ಸಮೇತ ಒಂದು ಕವರಿನಲ್ಲಿ ಹಾಕಿಡು. ಮನೆ ಬಿಡುವಾಗ ಅದನ್ನು ವಾಪಸ್ ಹಾಕಿ, ನಿನ್ನದನ್ನು ಬಿಚ್ಚಿಕೊಂಡು ಹೋಗು. ಮುಂದಿನ ಮನೆಯಲ್ಲಿ ಬಾಗಿಲಿನ ದಪ್ಪ ಬೇರೆ ಇದ್ದರೆ ಕೂರುವುದಿಲ್ಲ, ಅಳೆದು ನೋಡಿಕೋ.

ಸ್ಕ್ರೂ ವಾಪಸ್ ಬಂದಾಗ ಅದನ್ನು ಕೊಟ್ಟದ್ದು ಅದೇ ಹುಡುಗಿ. "ಅಂಕಲ್, ನಮ್ಮ ಬಾಗಿಲಲ್ಲೂ ಇದೇ ಇದೆ" ಅಂದಳು.